ಕನಿಷ್ಠ ವೇತನದ ಲೆಕ್ಕ ಸ್ಪಷ್ಟಪಡಿಸುವಂತೆ ಕೋರಿ ಮನವಿ ಪತ್ರ

ಗೆ,
ಮಾನ್ಯ ಕಾರ್ಮಿಕ ಆಯುಕ್ತರು,
ಕಾರ್ಮಿಕ ಭವನ, ಬನ್ನೇರುಘಟ್ಟ ರಸ್ತೆ, ಬೆಂಗಳೂರು.

ಮಾನ್ಯರೇ,

ಐದಾರು ಕೆಲಸಗಾರರನ್ನಿಟ್ಟುಕೊಂಡು ಹೋಟೆಲ್, ಖಾನಾವಳಿ, ಬೇಕರಿ ನಡೆಸುತ್ತಿರುವ ನಾವು ಸಂಬಳದ ದರ ಇಳಿಸಿರೆಂದು ಕೇಳುತ್ತಿಲ್ಲ. ಎಷ್ಟು ಕೊಡಬೇಕೆಂಬುದನ್ನು ನಮಗೆ ತಿಳಿಯುವಂತೆ ಹೇಳಿ ಎಂಬುದಷ್ಟೇ ನಮ್ಮ ಕೋರಿಕೆ.

ಪ್ರತಿ ವರ್ಷ ಏಪ್ರಿಲ್ 1ಕ್ಕೆ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ತುಟ್ಟಿಭತ್ಯೆ ಬದಲಾಗುತ್ತದೆ. ಮೂಲ ವೇತನಕ್ಕೆ ಅದನ್ನು ಕೂಡಿಸಿ, ನಮ್ಮ ಊರು ಯಾವ ವಲಯದ್ದೆಂದು ಹುಡುಕಿ, ತಿಂಗಳ ಮೊತ್ತವನ್ನು 26ರಿಂದ ಭಾಗಿಸಿ ದಿನಗೂಲಿ ತೆಗೆಯಬೇಕು, ಓವರ್‌ಟೈಮಿಗೆ ದುಪ್ಪಟ್ಟು. ಇದನ್ನು ಹೇಗೋ ಮಾಡುತ್ತೇವೆ. ಆದರೆ ಬೆಳಿಗ್ಗೆ ದೋಸೆ ಹುಯ್ಯುವವನೇ ಮಧ್ಯಾಹ್ನ ಬಡಿಸುತ್ತಾನೆ, ಸಂಜೆ ಪಾತ್ರೆಗೂ ಕೈ ಹಾಕುತ್ತಾನೆ. ಅವನಿಗೆ ಕುಶಲನ ದರವೋ, ಅರೆಕುಶಲನ ದರವೋ? ದೊಡ್ಡ ಹೋಟೆಲಿನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ.

ಇದಕ್ಕಿಂತ ತೊಡಕಿನದು ಊಟದ ಲೆಕ್ಕ. ವೇತನದ ಬದಲು ವಸ್ತುರೂಪದಲ್ಲಿ ಕೊಟ್ಟದ್ದರ ಮೌಲ್ಯ, ಒಟ್ಟು ವೇತನದ ಶೇ. 15ರ ಮಿತಿಯೊಳಗೆ ವೇತನದ ಭಾಗವೆನಿಸುತ್ತದೆ ಎಂದು 2019ರ ವೇತನ ಸಂಹಿತೆ ಹೇಳುತ್ತದೆ. ನಮ್ಮಲ್ಲಿ ಕೆಲಸಗಾರರು ಎರಡು ಹೊತ್ತು ಉಣ್ಣುತ್ತಾರೆ, ಕೆಲವರು ಮಹಡಿಯ ಮೇಲೇ ಮಲಗುತ್ತಾರೆ. ಅದು ಸಂಬಳದ ಬದಲಿಗೆ ಕೊಟ್ಟದ್ದೋ, ಸಂಬಳದ ಮೇಲೆ ಕೊಟ್ಟದ್ದೋ? ಬೆಲೆ ಕಟ್ಟುವುದಾದರೆ ಗಿರಾಕಿಗೆ ಮಾರುವ ದರದಲ್ಲೋ, ನಮಗೆ ಬೀಳುವ ಖರ್ಚಿನಲ್ಲೋ? ಲೆಕ್ಕ ಬರೆಯುವವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ವೇತನ ಕಡಿಮೆಯಾಗಿದ್ದರೆ ಮೂರು ವರ್ಷದೊಳಗೆ ಕ್ಲೇಮು ಹಾಕಬಹುದು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸಬಹುದು. ಇದಕ್ಕೆ ನಮ್ಮ ತಕರಾರಿಲ್ಲ. ಬೇಕೆಂದೇ ಕಡಿಮೆ ಕೊಡುವ ಪಕ್ಕದ ಅಂಗಡಿಯವನು ಕೆಲಸಗಾರನ ಜೊತೆ ನಮ್ಮ ವ್ಯಾಪಾರವನ್ನೂ ಕೆಡಿಸುತ್ತಾನೆ. ಆದರೆ ತಪ್ಪು ಲೆಕ್ಕಕ್ಕೂ ಕಳ್ಳ ಲೆಕ್ಕಕ್ಕೂ ಒಂದೇ ಭಯ ಇರಬಾರದು.

ಆದ್ದರಿಂದ, ಪ್ರತಿ ಏಪ್ರಿಲ್‌ಗೆ ಮುನ್ನ ಮೂಲ ವೇತನ, ತುಟ್ಟಿಭತ್ಯೆ, ದಿನಗೂಲಿ, ಓವರ್‌ಟೈಮ್ ದರ ಎಲ್ಲವನ್ನೂ ಕೂಡಿಸಿದ ಒಂದೇ ಪುಟದ ಕನ್ನಡ ದರಪಟ್ಟಿಯನ್ನು ವಲಯವಾರು ಹೊರಡಿಸಬೇಕು. ಅದನ್ನು ಗೋಡೆಗೆ ಅಂಟಿಸಿದರೆ ಕೆಲಸಗಾರನೂ ಓದಿಕೊಳ್ಳುತ್ತಾನೆ. ಹಲವು ಕೆಲಸ ಮಾಡುವವರ ದರ್ಜೆ ಮತ್ತು ಊಟ-ವಸತಿಯ ಮೌಲ್ಯದ ಬಗ್ಗೆ ಉದಾಹರಣೆ ಸಹಿತ ಸುತ್ತೋಲೆ ಬೇಕು. ವೇತನ ಸಂಹಿತೆಯು ನಿರೀಕ್ಷಕರ ಮೇಲೆ ಮಾಲೀಕರಿಗೂ ಕೆಲಸಗಾರರಿಗೂ ಸಲಹೆ ನೀಡುವ ಹೊಣೆಯನ್ನೂ ಹೊರಿಸಿದೆ. ತಾಲ್ಲೂಕಿನಲ್ಲಿ ತಿಂಗಳಿಗೊಂದು ದಿನ ಅವರು ಅದಕ್ಕೆಂದೇ ಕೂರಲಿ. ಕೊಟ್ಟ ಉತ್ತರವನ್ನು ಬರಹದಲ್ಲಿ ಕೊಡಲಿ.

ಮುಂದಿನ ದರ ಪರಿಷ್ಕರಣೆಗೆ ಮೊದಲೇ ಕ್ರಮ ಕೈಗೊಂಡು ಲಿಖಿತ ಉತ್ತರ ನೀಡಬೇಕೆಂದು ವಿನಂತಿ.

ತಮ್ಮ ವಿಶ್ವಾಸಿಗಳು,
ತಾಲ್ಲೂಕಿನ ಸಣ್ಣ ಹೋಟೆಲ್, ಖಾನಾವಳಿ ಮತ್ತು ಬೇಕರಿ ಮಾಲೀಕರು