ಟ್ರ್ಯಾಕ್ಟರಿನ ವಿದ್ಯುನ್ಮಾನ ಪೆಟ್ಟಿಗೆಯೂ ಬಿತ್ತನೆಯ ಹದವೂ

೨೦೨೩ನೆಯ ಜನವರಿ ೧ರಿಂದ ೫೦ ಅಶ್ವಶಕ್ತಿಗೆ ಮಿಕ್ಕ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯನ್ನು ತಗ್ಗಿಸುವ ಟ್ರೆಮ್ ೪ ನಿಯಮವು ಅನ್ವಯಿಸಿರುವುದು. ತತ್ಫಲವಾಗಿ ಡೀಸೆಲ್ ಪೂರೈಕೆಯು ವಿದ್ಯುನ್ಮಾನ ಪೆಟ್ಟಿಗೆಯ ಸ್ವಾಧೀನಕ್ಕೆ ಬಂದಿದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಜಮೀನುದಾರರು ಹಣ ತೆರುವ ಮೊದಲೇ ಇದನ್ನು ಅರಿತಿರುವುದು ಅವಶ್ಯ.

ಹಳೆಯ ಇಂಜಿನಿನಲ್ಲಿ ತಿರುಗುವ ತೂಕಗಳುಳ್ಳ ಗವರ್ನರು ವೇಗವು ಕುಗ್ಗಿದೊಡನೆ ಡೀಸೆಲ್ಲನ್ನು ಹೆಚ್ಚಿಸುತ್ತಿತ್ತು. ಕೆಟ್ಟರೆ ಊರ ಮೇಸ್ತ್ರಿಯೇ ಸರಿಪಡಿಸುವನು. ಹೊಸದರಲ್ಲಿ ಸಾವಿರ ಬಾರ್ ಮೀರಿದ ಒತ್ತಡದ ಡೀಸೆಲ್ಲು ಒಂದು ಸಾಮಾನ್ಯ ಕೊಳವೆಯಲ್ಲಿ ಸಿದ್ಧವಿರುವುದು. ಇಂಜಿನಿನ ವೇಗವನ್ನೂ ಶಾಖವನ್ನೂ ಸಂವೇದಕಗಳಿಂದರಿತು, ಯಾವ ಕ್ಷಣದಲ್ಲಿ ಎಷ್ಟು ಚಿಮ್ಮಿಸಬೇಕೆಂಬುದನ್ನು ಪೆಟ್ಟಿಗೆಯು ಗೊತ್ತುಪಡಿಸುತ್ತದೆ. ಎರೆಭೂಮಿಯಲ್ಲಿ ನೇಗಿಲು ಬಿಗಿದಾಗ ಇದರ ಹೊಂದಾಣಿಕೆಯು ಮೆಚ್ಚತಕ್ಕದ್ದೇ. ಆದರೆ ಇಲಿಯು ಒಂದು ತಂತಿಯನ್ನು ಕಡಿದರೂ ಇಂಜಿನಿನ ಬಲವು ಕುಗ್ಗಬಹುದು, ಇಲ್ಲವೆ ನಿಲ್ಲಬಹುದು; ದೋಷವನ್ನೋದುವ ಉಪಕರಣವಿಲ್ಲದೆ ಮೇಸ್ತ್ರಿಯು ನಿರುಪಾಯನು. ಹೆಸರು ಬಿತ್ತುವ ಹದವಾದರೋ ನಾಲ್ಕು ದಿನ ಕಾಯುವುದಿಲ್ಲ. (ಗೇರುಪೆಟ್ಟಿಗೆಯು ಮಾತ್ರ ಈ ನಾಡಿನಲ್ಲಿ ಬಹುತೇಕ ಹಳೆಯ ಬಗೆಯದೇ ಆಗಿ ಉಳಿದಿರುವುದು ಒಂದು ಸಮಾಧಾನ.)

ಆದಕಾರಣ ಅಶ್ವಶಕ್ತಿಯ ಹಿರಿಮೆಗೆ ಮರುಳಾಗಲಾಗದು. ಸಣ್ಣ ಹಿಡುವಳಿಗೆ ೫೦ರ ಒಳಗಿನದೇ ಸಾಕು. ದೊಡ್ಡದು ಬೇಕೆನ್ನುವವರು, ಆ ಉಪಕರಣವೂ ಅದನ್ನು ಬಲ್ಲವನೂ ತಾಲೂಕಿನಲ್ಲಿಯೇ ದೊರೆಯುವರೆಂಬ ಮಾತನ್ನು ಮಾರಾಟಗಾರನಿಂದ ಬರಹದಲ್ಲಿ ಪಡೆಯತಕ್ಕದ್ದು. ಹಲವು ಕಂಪನಿಗಳ ಯಂತ್ರಗಳಿಗೆ ಒಗ್ಗುವ ಒಂದು ಉಪಕರಣವನ್ನು ಗ್ರಾಮದ ಮುಖಂಡರು ಸಹಕಾರಿ ಸಂಘದ ಮೂಲಕ ತರಿಸಿ, ಊರ ಮೇಸ್ತ್ರಿಗೇ ವಿದ್ಯೆಯನ್ನು ಕಲಿಸಿದರೆ ಇನ್ನೂ ಲೇಸು. ಬ್ಯಾರಲ್ಲಿನಲ್ಲಿ ಬಹುದಿನವಿಟ್ಟು ನೀರು ಸೇರಿದ ಡೀಸೆಲ್ಲನ್ನು ಇಂಥ ಇಂಜಿನಿಗೆ ಹಾಕಲೇಬಾರದು. ಟ್ರ್ಯಾಕ್ಟರಿಗೆ ಬೆಸುಗೆ ಹಾಕಿಸುವಾಗ ಮೊದಲು ಬ್ಯಾಟರಿಯ ತಂತಿಯನ್ನು ಕಳಚತಕ್ಕದ್ದು.