ನೆಡುವುದಕ್ಕಿಂತ ಕಾಯುವುದು ಹಿರಿದು

ಏಪ್ರಿಲ್-ಮೇ ತಿಂಗಳ ಗುಡುಗುಮಳೆಯೊಡನೆ ಬೀಸುವ ಬಿರುಗಾಳಿ ಗುರುಮಠಕಲ್ ಸೀಮೆಗೆ ಹೊಸದಲ್ಲ. ಕಲ್ಲುಗುಡ್ಡಗಳ ತೆಳುಮಣ್ಣಿನಲ್ಲಿ ಬೇರೂರಿದ ಮರಗಳು ಅದರ ಹೊಡೆತಕ್ಕೆ ಉರುಳುತ್ತವೆ. ಉರುಳದವುಗಳ ಕೊಂಬೆಗಳು ಸೀಳುತ್ತವೆ. ಜೂನ್ ಬಂದೊಡನೆ ನಮ್ಮ ಶಾಲೆ, ಸಂಘ, ಧರ್ಮಕೇಂದ್ರಗಳಲ್ಲಿ ಸಸಿ ನೆಡುವ ಉತ್ಸಾಹ ಮೂಡುತ್ತದೆ. ಉತ್ಸಾಹವೇನೋ ಮೆಚ್ಚತಕ್ಕದ್ದೇ. ಆದರೆ ಹಾಳಾದ ಕಾಡನ್ನು ಮರಳಿ ಪಡೆಯುವ ಮಾರ್ಗ ಅದೊಂದೇ ಎಂದು ನಂಬುವ ಮುನ್ನ ನಾವು ತುಸು ವಿಚಾರ ಮಾಡಬೇಕಾಗಿದೆ.

1950ರಲ್ಲಿ ಅಂದಿನ ಕೇಂದ್ರ ಸಚಿವ ಕೆ.ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದರು. ಅಂದಿನಿಂದ ನಾಡಿನಲ್ಲಿ ನೆಟ್ಟ ಸಸಿಗಳು ಅಸಂಖ್ಯ. ಎಷ್ಟೋ ಕಡೆ ನೆಟ್ಟ ದಿನದ ಭಾವಚಿತ್ರ ಗೋಡೆಯ ಮೇಲೆ ಉಳಿದಿದೆ. ಸಸಿ ಮಾತ್ರ ಮರುವರ್ಷದ ಬೇಸಿಗೆಯನ್ನು ದಾಟಿಲ್ಲ.

'ಇರುವುದು' ಮತ್ತು 'ಆಗಬಲ್ಲುದು' ಎಂಬ ಭೇದವನ್ನು ಅರಿಸ್ಟಾಟಲನು ತೋರಿಸಿದನು. ಸಂತ ತೋಮಾಸ್ ಅಕ್ವಿನಾಸರು ಅದನ್ನು ತಮ್ಮ ಚಿಂತನೆಗೆ ಅಡಿಗಲ್ಲಾಗಿಸಿಕೊಂಡರು. ಮುರಿದ ಮರದ ಮೋಟು ಇರುವುದರ ಲೆಕ್ಕದಲ್ಲಿ ಬರೀ ಸೌದೆ. ಆಗಬಲ್ಲುದರ ಲೆಕ್ಕದಲ್ಲಿ ಮರ. ಮುತ್ತುಗ, ಬೇವು, ದಿಂಡಿಗಗಳ ಬುಡದಲ್ಲಿ ಜೀವ ಉಳಿದಿದ್ದರೆ ಹೊಸ ಚಿಗುರು ಒಡೆಯುತ್ತದೆ. ಆಳಕ್ಕಿಳಿದ ಹಳೆಯ ಬೇರೇ ನೀರುಣಿಸುವುದರಿಂದ, ಚೀಲದಿಂದ ತೆಗೆದು ನೆಟ್ಟ ಸಸಿಗಿಂತ ಅದು ಬೇಗ ಬೆಳೆಯುತ್ತದೆ. ಯೋಬನ ಗ್ರಂಥದ 14ನೆಯ ಅಧ್ಯಾಯವು ಇಂತಹ ಮೋಟನ್ನೇ ನಿರೀಕ್ಷೆಯ ಚಿತ್ರವಾಗಿ ನಮ್ಮ ಮುಂದಿಡುತ್ತದೆ.

ಆ ಚಿಗುರಿಗೆ ಬೇಕಾದುದು ಕಾವಲು. ಎರಡು-ಮೂರು ವರ್ಷ ಆಡುಕುರಿಗಳ ಬಾಯಿಗೂ ಬೇಸಿಗೆಯ ಬೆಂಕಿಗೂ ಅದು ಸಿಗಬಾರದು. ಮರ ಬಿದ್ದು ತೆರವಾದ ಜಾಗಕ್ಕೆ ಬಿಸಿಲು ತಗುಲಿದೊಡನೆ ಬಳ್ಳಾರಿ ಜಾಲಿ ನುಗ್ಗುತ್ತದೆ; ಅದನ್ನು ಎಳೆಯದಾಗಿರುವಾಗಲೇ ಬೇರುಸಹಿತ ಕೀಳಬೇಕು. ಬುಡವೇ ಕಿತ್ತುಹೋದ ಕಡೆ ಅದೇ ಗುಡ್ಡದ ಮರಗಳ ಬೀಜವನ್ನು ಬಿತ್ತಬೇಕು. ಬೇವಿನ ಬೀಜ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುವುದರಿಂದ, ಹಣ್ಣು ಉದುರಿದ ಕೂಡಲೆ ಬಿತ್ತುವುದು ಲೇಸು.

ನಾಡಮರ ಎಂದಾಗ ಹೊರಗಿನಿಂದ ಬಂದುದೆಲ್ಲ ವರ್ಜ್ಯವೆಂದು ಅರ್ಥವಲ್ಲ. ಹುಣಸೆಯ ಮೂಲ ಆಫ್ರಿಕ; ನಮ್ಮ ಗುಡ್ಡಗಳಲ್ಲಿ ತಾನಾಗಿ ಬೆಳೆದು ಬಡವರ ಕೈಗೆ ನಾಲ್ಕು ಕಾಸು ಕೊಡುವ ಸೀತಾಫಲ ಅಮೆರಿಕ ಖಂಡದ್ದು. ನೆರೆಯೊಡನೆ ಬಾಳಬಲ್ಲವುಗಳನ್ನು ಈ ನೆಲ ತನ್ನವೆಂದು ಒಪ್ಪಿಕೊಂಡಿದೆ. ನೆರೆಯನ್ನೇ ಇಲ್ಲವಾಗಿಸುವ ಬಳ್ಳಾರಿ ಜಾಲಿಯ ಮಾತು ಬೇರೆ.

ಇಲ್ಲೊಂದು ಕಠಿಣ ಪ್ರಶ್ನೆ ಇದೆ. ಆಡು ಬಡವರ ಆಕಳು. ಗುಡ್ಡಕ್ಕೆ ಬೇಲಿ ಹಾಕಿದರೆ ಯಾರ ಮನೆಯ ಹಾಲು ಬತ್ತೀತು? ಉಳ್ಳವರ ಮನೆಯದಂತೂ ಅಲ್ಲ. ಬಡವರ ಬೆನ್ನಿನ ಮೇಲೆ ಕಾಡನ್ನು ಬೆಳೆಸುವುದು ನ್ಯಾಯವಲ್ಲ. ಆದುದರಿಂದ ಗುಡ್ಡವನ್ನೆಲ್ಲ ಮುಚ್ಚದೆ ಸರದಿಯ ಮೇಲೆ ಒಂದೊಂದು ಭಾಗವನ್ನು ಕಾಯಬೇಕು. ಕಾದ ಭಾಗದ ಹುಲ್ಲನ್ನು ಕೊಯ್ದೊಯ್ಯುವ ಹಕ್ಕು ಆಡು ಸಾಕುವವರಿಗೇ ಮೊದಲು ಸಲ್ಲಬೇಕು. ಸರ್ಕಾರ ಮತ್ತು ಹಳ್ಳಿಗರು ಕೂಡಿ ಕಾಡನ್ನು ನೋಡಿಕೊಳ್ಳುವ ಜಂಟಿ ಅರಣ್ಯ ವ್ಯವಸ್ಥೆ ಕರ್ನಾಟಕದಲ್ಲಿ 1993ರಲ್ಲೇ ಬಂದಿದೆ. ಇಂತಹ ಒಪ್ಪಂದಗಳಿಗೆ ಗ್ರಾಮ ಅರಣ್ಯ ಸಮಿತಿಯೇ ತಕ್ಕ ಸ್ಥಳ.

ಕಾವಲಿನ ಫಲವನ್ನು ಕಾಣಲು ಬಹುದೂರ ಹೋಗಬೇಕಿಲ್ಲ. ಗಡಿಯಾಚೆಯ ಮಹಬೂಬ್‌ನಗರದ ಪಿಲ್ಲಲಮರ್ರಿ ಎಂಬ ಪ್ರಾಚೀನ ಆಲದ ಮರದ ಭಾಗವೊಂದು 2017ರ ಡಿಸೆಂಬರಿನಲ್ಲಿ ಕುಸಿಯಿತು. ಅಲ್ಲಿಯ ಶತ್ರು ಗಾಳಿಯಲ್ಲ, ಗೆದ್ದಲು. ಪ್ರವಾಸಿಗರನ್ನು ದೂರವಿರಿಸಿ, 2018ರಲ್ಲಿ ಸಲೈನ್ ಬಾಟಲಿಗಳಿಂದ ಹನಿಹನಿಯಾಗಿ ಔಷಧ ನೀಡಿ, ಕೊಂಬೆಗಳಿಗೆ ಆಸರೆ ನಿಲ್ಲಿಸಿ, ಬಿಳಲುಗಳನ್ನು ಕೊಳವೆಗಳ ಮೂಲಕ ನೆಲಕ್ಕಿಳಿಸಿದರು. ಮರ ಉಳಿಯಿತು. ಅದರ ಬದಲು ನೂರು ಸಸಿ ನೆಟ್ಟು ಕೈತೊಳೆದುಕೊಳ್ಳುವುದು ಎಷ್ಟು ಸುಲಭವಾಗಿತ್ತು!

ಆದಿಕಾಂಡದಲ್ಲಿ ಮಾನವನಿಗೆ ತೋಟವನ್ನು ಉಳುವ ಹೊಣೆಯೊಡನೆ ಕಾಯುವ ಹೊಣೆಯೂ ದೊರೆಯಿತು. ಪೋಪ್ ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ 'ಲೌದಾತೊ ಸಿ' ವಿಶ್ವಪತ್ರ ಈ ಎರಡನೆಯ ಹೊಣೆಯನ್ನು ಒತ್ತಿ ನೆನಪಿಸಿತು. ಆದುದರಿಂದ ನಮ್ಮ ಕುಟುಂಬಗಳಿಗೆ ಒಂದು ಸಲಹೆ. ಪ್ರಥಮ ಪರಮಪ್ರಸಾದ ಸ್ವೀಕರಿಸುವ ಮಗುವಿನ ಹೆಸರಿನಲ್ಲಿ, ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ಗಾಳಿಗೆ ಮುರಿದ ಒಂದು ಮೋಟನ್ನು ಆರಿಸಿಕೊಳ್ಳೋಣ. ಆ ಮಗು ದೃಢೀಕರಣ ಸಂಸ್ಕಾರ ಪಡೆಯುವವರೆಗೆ ಅದನ್ನು ಕಾಯೋಣ. ಸಮಾರಂಭವಿಲ್ಲ, ಭಾವಚಿತ್ರವಿಲ್ಲ. ಮಗುವಿನ ಜೊತೆ ಮರವೂ ಬೆಳೆದರೆ ಸಾಕು.