ಸೋರಿ ಬಂದ ಬೆಳಕು

ಪುಣೆಯಲ್ಲಿರುವ ನಮ್ಮ ಓದುಗರಲ್ಲಿ ಹಲವರು ವಿಶ್ವವಿದ್ಯಾಲಯದ ಆವರಣದಲ್ಲಿರುವ 'ಐಯುಕಾ' ಸಂಸ್ಥೆಯನ್ನು ನೋಡಿರುತ್ತೀರಿ. 2020ರ ಆಗಸ್ಟ್‌ನಲ್ಲಿ ಅಲ್ಲಿಂದ ಬಂದ ಒಂದು ಸುದ್ದಿ ಕೋವಿಡ್ ಗಲಾಟೆಯಲ್ಲಿ ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. ಈ ಸಲ ಅದರ ಬಗ್ಗೆ ಹೇಳುತ್ತೇನೆ.

ವಿಶ್ವಕ್ಕೆ ಈಗ ಸುಮಾರು 1380 ಕೋಟಿ ವರ್ಷ. ಅದು ಹುಟ್ಟಿ 3.8 ಲಕ್ಷ ವರ್ಷಗಳಾದಾಗ ತಣ್ಣಗಾಗಿ, ಪ್ರೋಟಾನ್ ಎಲೆಕ್ಟ್ರಾನ್‌ಗಳು ಕೂಡಿ ಹೈಡ್ರೋಜನ್ ಪರಮಾಣುಗಳಾದವು. ತೀಕ್ಷ್ಣ ನೇರಳಾತೀತ ಕಿರಣಗಳಿಗೆ ಈ ಹೈಡ್ರೋಜನ್ ದಟ್ಟ ಮಂಜಿದ್ದ ಹಾಗೆ. ಆದರೆ ವಿಶ್ವಕ್ಕೆ ನೂರು ಕೋಟಿ ವರ್ಷ ತುಂಬುವ ಹೊತ್ತಿಗೆ ಗ್ಯಾಲಕ್ಸಿಗಳ ನಡುವಿನ ಆ ಪರಮಾಣುಗಳು ಹೆಚ್ಚುಕಡಿಮೆ ಎಲ್ಲವೂ ಮತ್ತೆ ಒಡೆದುಹೋಗಿದ್ದವು. ಒಡೆದದ್ದು ಯಾರು?

ಹೈಡ್ರೋಜನ್‌ನಿಂದ ಎಲೆಕ್ಟ್ರಾನ್ ಕಿತ್ತು ತೆಗೆಯಲು 91.2 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ಬೆಳಕು ಬೇಕು. ಎಳೆಯ, ಭಾರೀ ನಕ್ಷತ್ರಗಳು ಅದನ್ನು ಧಾರಾಳವಾಗಿ ಸೂಸುತ್ತವೆ. ತೊಡಕೆಂದರೆ, ಆ ನಕ್ಷತ್ರಗಳು ಹುಟ್ಟುವುದೇ ಹೈಡ್ರೋಜನ್ ಮೋಡಗಳ ಒಳಗೆ. ಬಹುಪಾಲು ಬೆಳಕು ಹೊಸ್ತಿಲು ದಾಟುವ ಮೊದಲೇ ಖರ್ಚಾಗುತ್ತದೆ. ಎಷ್ಟು ಸೋರಿ ಹೊರಬರುತ್ತದೆ ಎಂಬುದರ ಮೇಲೆ ಇಡೀ ಲೆಕ್ಕ ನಿಂತಿದೆ. ಮೊದಮೊದಲ ಗ್ಯಾಲಕ್ಸಿಗಳಲ್ಲಿ ಇದನ್ನು ನೇರವಾಗಿ ಅಳೆಯಲಾಗದು. ಸೋರಿದ್ದನ್ನು ದಾರಿಯಲ್ಲಿನ ಮಂಜೇ ಕುಡಿದುಬಿಟ್ಟಿರುತ್ತದೆ. ಹಾಗಾಗಿ ತುಸು ಈಚಿನ ಕಾಲದ ಗ್ಯಾಲಕ್ಸಿಗಳಲ್ಲಿ ಸೋರಿಕೆ ಹುಡುಕಬೇಕು.

ಐಯುಕಾದ ಕನಕ್ ಸಾಹಾ ಅವರ ತಂಡಕ್ಕೆ ಅಂಥದ್ದೊಂದು ಸಿಕ್ಕಿತು. ಹೆಸರು ಎಯುಡಿಎಫ್‌ಎಸ್01. ಅದರ ಬೆಳಕು ಹೊರಟದ್ದು 930 ಕೋಟಿ ವರ್ಷಗಳ ಹಿಂದೆ. ಅದನ್ನು ಹಿಡಿದದ್ದು 2015ರ ಸೆಪ್ಟೆಂಬರಿನಲ್ಲಿ ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿರುವ 'ಯುವಿಟ್' ದೂರದರ್ಶಕ. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ ತಯಾರಾದದ್ದು.

ಯುವಿಟ್‌ನ ಕನ್ನಡಿಯ ಅಗಲ ಸುಮಾರು 38 ಸೆಂಟಿಮೀಟರ್. ಹಬಲ್‌ನದು 2.4 ಮೀಟರ್. ಆಕಾಶದ ಅದೇ ತುಣುಕನ್ನು ಹಬಲ್ ದಿನಗಟ್ಟಲೆ ನೋಡಿತ್ತು, ಆದರೂ ಈ ಕ್ಷೀಣ ಕಿರಣ ಅದಕ್ಕೆ ದಕ್ಕಿರಲಿಲ್ಲ. ಯುವಿಟ್ ಒಂದೊಂದೇ ಫೋಟಾನನ್ನು ಎಣಿಸುತ್ತದೆ. ಅದರ ಹಿನ್ನೆಲೆಯ ನಾಯ್ಸ್ ಬಹಳ ಕಡಿಮೆ. ನಮ್ಮ ಸಾಫ್ಟ್‌ವೇರ್ ಮಂದಿಗೆ ಇದು ಬೇಗ ಅರ್ಥವಾಗುತ್ತದೆ. ಲಾಗ್ ಫೈಲಿನ ತುಂಬ ಕಸವಿದ್ದರೆ, ಬೇಕಾದ ಸಾಲು ಅಲ್ಲೇ ಇದ್ದರೂ ಕಾಣುವುದಿಲ್ಲ. ಆಗ ಇನ್ನೂ ದೊಡ್ಡ ಸರ್ವರ್ ತಂದರೆ ಉಪಯೋಗವಿಲ್ಲ, ಕಸ ಕಡಿಮೆಯಾಗಬೇಕು.

ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಸಂಗತಿ. ಯುವಿಟ್ ಆ ಜಾಗವನ್ನು 28 ಗಂಟೆಗೂ ಹೆಚ್ಚು ಹೊತ್ತು ನೋಡಿದ್ದು 2016ರ ಅಕ್ಟೋಬರಿನಲ್ಲಿ. ಇದು ಪಕ್ಕದ ಬೇರೆ ಯಾವುದೋ ಗ್ಯಾಲಕ್ಸಿಯ ಬೆಳಕಲ್ಲ, ಉಪಕರಣದ ಚೇಷ್ಟೆಯಲ್ಲ ಎಂದು ಖಚಿತಪಡಿಸಿಕೊಳ್ಳಲು ತಂಡ ಸುಮಾರು ಎರಡು ವರ್ಷ ತೆಗೆದುಕೊಂಡಿತು. ಕೊನೆಗೆ 'ನೇಚರ್ ಆಸ್ಟ್ರಾನಮಿ'ಯಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಅಲ್ಲಿ ಹುಟ್ಟುವ ಅಯಾನೀಕರಿಸುವ ಬೆಳಕಿನಲ್ಲಿ ಶೇ. 20ಕ್ಕಿಂತ ಹೆಚ್ಚು ಪಾಲು ಹೊರಗೆ ಸೋರುತ್ತಿದೆ.

ಒಂದು ಗ್ಯಾಲಕ್ಸಿಯಿಂದ ಇಡೀ ಕಥೆ ತೀರ್ಮಾನವಾಗುವುದಿಲ್ಲ. ಜೇಮ್ಸ್ ವೆಬ್ ದೂರದರ್ಶಕ ಈಗ ವಿಶ್ವದ ಎಳೆಗಾಲದ ಗ್ಯಾಲಕ್ಸಿಗಳನ್ನು ಒಂದೊಂದಾಗಿ ತೋರಿಸುತ್ತಿದೆ. ಎಷ್ಟು ದೀಪಗಳಿದ್ದವು ಎಂಬ ಎಣಿಕೆ ಅದರಿಂದ ಸಿಗುತ್ತದೆ. ಎಷ್ಟು ಬೆಳಕು ಮನೆಯಿಂದ ಆಚೆ ಬಂತು ಎಂದು ತಿಳಿಯಲು ಇಂಥ ಇನ್ನಷ್ಟು ಸೋರುವ ಗ್ಯಾಲಕ್ಸಿಗಳು ಬೇಕು.